ಬಿಸಿಲೇರುವ ಮುಂಚೆ ಹಾಕಿದ ಬಲೆ

ನವೆಂಬರ್ ತಿಂಗಳ ನಡುವಿನಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ದೆಹಲಿ ಪಕ್ಕದ ಕೆರೆಯ ದಡದಲ್ಲಿ ಎಳೆಬಲೆ ಹಾಕಿ "ಇಲ್ಲಿ ಮೀನಿಲ್ಲ" ಅಂತ ಬರೆಯುವುದು ಹೇಗೆ ಗೊತ್ತೇ? ಎಲ್ಲರೂ ಆಫೀಸಿಗೆ ಹೋದ ಹೊತ್ತಿನಲ್ಲಿ ಬಾಗಿಲು ತಟ್ಟಿ, "ಈ ಮನೆಯಲ್ಲಿ ಯಾರೂ ವಾಸವಿಲ್ಲ" ಅಂತ ಬರೆದು ಹೋದ ಹಾಗೆ. ಹಾಗೆ ಬರೆದವಳು ನಾನೇ. ನನ್ನ ಕೈಯಾರೆ, ನನ್ನದೇ ಪೆನ್ನಿನಲ್ಲಿ. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಮೀನುಗಾರಿಕೆ ಇಲಾಖೆಯಲ್ಲಿ ತಾಂತ್ರಿಕ ಸಹಾಯಕಿ. ಅಪ್ಪ ಗಂಗೊಳ್ಳಿಯಲ್ಲಿ ದೋಣಿ ಇಟ್ಟುಕೊಂಡಿದ್ದವರು, ಹಾಗಾಗಿ ಬಲೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನುವ ಜಂಬ ಮೊದಲಿನಿಂದಲೂ ಇದೆ. ಈ ಜಂಬವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕೆರೆ ಇರುವುದು ಗಾಜಿಯಾಬಾದಿನ ಆಚೆ. ಒಂದು ಕಾಲಕ್ಕೆ ಇಟ್ಟಿಗೆ ಭಟ್ಟಿಗಳಿಗೆ ಮಣ್ಣು ತೆಗೆದ ಗುಂಡಿ. ಆಮೇಲೆ ನಾಲೆಯ ನೀರು ಸೇರಿ ಕೆರೆಯಾಯಿತು. ನಡುವೆ ಇಪ್ಪತ್ತಡಿ ಆಳದ ಕಂದಕ, ಸುತ್ತ ಸೊಂಟದ ಮಟ್ಟದ ನೀರು. ಒಂದು ಬದಿಗೆ ಹೊಸದಾಗಿ ಎದ್ದ ಹೌಸಿಂಗ್ ಸೊಸೈಟಿಯ ಗೋಪುರಗಳು, ಇನ್ನೊಂದು ಬದಿಗೆ ಮೆಟ್ಟಿಲಿನ ಘಾಟ್. ಹನ್ನೊಂದು ಮಲ್ಲಾಹರ ಕುಟುಂಬಗಳು, ಅಂದರೆ ದೋಣಿ ಬಲೆಯ ಕಸುಬಿನವರು, ಈ ಕೆರೆಯನ್ನು ಗುತ್ತಿಗೆಗೆ ಹಿಡಿದು ಪ್ರತಿ ಮಳೆಗಾಲ ಮರಿ ಬಿಟ್ಟು ಮೀನು ಬೆಳೆಸುತ್ತಿದ್ದರು. ಗುತ್ತಿಗೆ ಮುಗಿಯಲು ಒಂದು ತಿಂಗಳಿತ್ತು. ಮುಂದುವರಿಸಬೇಕಾದರೆ ನಾವು ಮೂರು ದಿನ ಪರೀಕ್ಷೆಯ ಬಲೆ ಹಾಕಬೇಕು. ದಿನಕ್ಕೆ ಸರಾಸರಿ ನಲವತ್ತು ಕಿಲೋ ಸಿಕ್ಕರೆ ಗುತ್ತಿಗೆ ಉಳಿಯುತ್ತದೆ. ಸಿಗದಿದ್ದರೆ ಕೆರೆ ಮೀನುಗಾರಿಕೆಗೆ ಲಾಯಕ್ಕಿಲ್ಲ ಎಂದಾಗಿ, ಅಲ್ಲಿಗೆ ಕಾರಂಜಿ ಮತ್ತು ಹಂಸದ ಆಕಾರದ ಪೆಡಲ್ ದೋಣಿ ಬರುತ್ತವೆ. ಹನ್ನೊಂದು ಮನೆಗಳು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಮೊದಲ ದಿನದ ಸಮಯ ಗೊತ್ತು ಮಾಡಿದವರು ನಮ್ಮ ಉಪನಿರ್ದೇಶಕರು. ಮೈಸೂರಿನವರು. ಆಫೀಸಿನಲ್ಲಿ ಕನ್ನಡದವರು ಅಂತ ಇರುವುದು ನಾವಿಬ್ಬರೇ, ಹಾಗಾಗಿ ನನ್ನನ್ನು ಮನೆಮಗಳ ಹಾಗೆ "ನೋಡಮ್ಮ" ಅಂತಲೇ ಮಾತಾಡಿಸುತ್ತಾರೆ. ಅವರಿಗೆ ಹನ್ನೊಂದು ಗಂಟೆಗೆ ಮೀಟಿಂಗ್ ಇತ್ತು. ಆದ್ದರಿಂದ ಮೀನುಗಳೂ ಎಂಟು ಗಂಟೆಗೇ ಹಾಜರಾಗಬೇಕಿತ್ತು.

ಹೊಗೆಮಂಜು ಕವಿದ ಬೆಳಗು. ಎದುರಿನ ಗೋಪುರಗಳು ಅರ್ಧದವರೆಗೆ ಮಾತ್ರ ಕಾಣುತ್ತಿದ್ದವು. ನಾನು ಜೀಪಿನಿಂದ ಇಳಿಯುವಷ್ಟರಲ್ಲಿ ಮಗಳ ಫೋನು. ಹವೆ ಕೆಟ್ಟಿದೆ ಅಂತ ಶಾಲೆ ಮುಚ್ಚಿ ಆನ್‌ಲೈನ್ ತರಗತಿ ಶುರುವಾಗಿತ್ತು. "ಅಮ್ಮಾ, ವೈಫೈ ನಹೀ ಚಲ್ ರಹಾ. ಟೀಚರ್ ಅಟೆಂಡೆನ್ಸ್ ತಗೊಳ್ತಾ ಇದಾರೆ, ಕ್ಯಾ ಕರೂಂ?" ನಾನು ಅವಳಿಗೆ ಯಾವ ಗುಂಡಿ ಒತ್ತಬೇಕು, ಎಷ್ಟು ಹೊತ್ತು ಒತ್ತಬೇಕು ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಏನೋ ಹೇಳುತ್ತಾ ಹತ್ತಿರ ಬಂದರು. ಒಂದು ನಿಮಿಷ ಅಂತ ಬೆರಳೆತ್ತಿ ತೋರಿಸಿದೆ. ಅವರು ಅಲ್ಲೇ ನಿಂತರು. ಫೋನು ಮುಗಿದಾಗ ಸಾಹೇಬರ ಕಾರು ಬಂತು, ನಾನು ಆ ಕಡೆ ಓಡಿದೆ.

ಆ ಮುದುಕರೇ ಹನ್ನೊಂದು ಕುಟುಂಬಗಳ ಮುಖಂಡರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ.

ಘಾಟಿನ ಮೆಟ್ಟಿಲ ಹತ್ತಿರ ನೀರಿನಡಿಯಲ್ಲಿ ಗೋಧಿ ಹಿಟ್ಟಿನ ಉಂಡೆಗಳು ಬೆಳ್ಳಗೆ ಬಿದ್ದಿದ್ದವು. ಇಲ್ಲಿಯ ಜನ ಗ್ರಹದೋಷ ಕಳೆಯಲಿ ಅಂತ ಮೀನಿಗೆ ಹಿಟ್ಟಿನ ಉಂಡೆ ಹಾಕುತ್ತಾರೆ. ಬೇಸಿಗೆಯಲ್ಲಾದರೆ ಉಂಡೆ ನೀರು ಮುಟ್ಟುವ ಮೊದಲೇ ಮೀನು ಬಾಯಿ ಹಾಕುತ್ತದೆ. ಇವು ಹಿಂದಿನ ದಿನದ ಉಂಡೆಗಳು, ಒಂದನ್ನೂ ಮೀನು ಮುಟ್ಟಿರಲಿಲ್ಲ. ದಡದಲ್ಲಿ ಮೀನಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು? ನಾನು ನೋಡಿದೆ. ನೋಡಿ, ದಾಟಿಕೊಂಡು ಹೋಗಿ ದಡದ ನೀರಿನ ಉಷ್ಣತೆ ಅಳೆದೆ. ಹದಿನಾರು ಡಿಗ್ರಿ. ಫಾರಂ ಕೇಳುವುದು ದಡದ ಉಷ್ಣತೆಯನ್ನು ಮಾತ್ರ.

ಬಲೆ ಬಿಡುವ ಮೊದಲು ಚಾಚಾ ಸಾಹೇಬರ ಮುಂದೆ ಕೈ ಜೋಡಿಸಿ ಹೇಳಿದರು. "ಸಾಹಬ್, ಈ ಹೊತ್ತಲ್ಲಿ ಮೀನು ದಡಕ್ಕೆ ಬರಲ್ಲ. ಬಿಸಿಲು ಏರಲಿ. ಮಧ್ಯಾಹ್ನ ಹಾಕೋಣ, ನಾನೇ ಜಾಗ ತೋರಿಸ್ತೀನಿ."

ಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಮೀನಿಲ್ಲ ಅಂತ ಇವನಿಗೂ ಗೊತ್ತು, ಈಗಲೇ ನೆಪ ಹುಡುಕ್ತಾ ಇದಾನೆ."

ದೆಹಲಿಯಲ್ಲಿ ನಮ್ಮ ಜನಕ್ಕೆ ಈ ಚಟ ಇದೆ. ತರಕಾರಿ ಭಯ್ಯಾನ ಎದುರೇ ಅವನ ತಕ್ಕಡಿಯನ್ನು ಬೈಯುತ್ತೇವೆ, ಆಟೋದವನ ಬೆನ್ನ ಹಿಂದೆ ಕೂತು ಅವನನ್ನೇ ಆಡಿಕೊಳ್ಳುತ್ತೇವೆ. ಕನ್ನಡ ಅವರಿಗೆ ಅರ್ಥವಾಗುವುದಿಲ್ಲವಲ್ಲ ಅನ್ನುವ ಧೈರ್ಯ. ಸಾಹೇಬರ ಮಾತಿಗೆ ನಾನು ನಕ್ಕೆ. ಚಾಚಾ ನನ್ನ ಮುಖ ನೋಡಿದರು. ಗಾದೆ ಅರ್ಥವಾಗದಿದ್ದರೂ ನಗು ಅರ್ಥವಾಗುತ್ತದೆ.

ಮೂರು ಸಲ ಬಲೆ ಎಳೆದರು. ಹೊಂಡದ ಪಾಚಿ, ಪ್ಲಾಸ್ಟಿಕ್ ಚೀಲ, ದೇವರಿಗೆ ಏರಿಸಿದ ಕೆಂಪು ಚುನರಿ ಬಟ್ಟೆಗಳು. ಬೆರಳುದ್ದದ ಮೀನು ಏಳೆಂಟು, ಅದು ಲೆಕ್ಕಕ್ಕಿಲ್ಲ. ನಾನು "ಸೊನ್ನೆ" ಅಂತ ಬರೆದು, ಚಾಚಾರ ಹೆಬ್ಬೆರಳಿಗೆ ಶಾಯಿ ಹಚ್ಚಿ ಫಾರಮಿನ ಕೆಳಗೆ ಒತ್ತಿಸಿದೆ. ಅವರಿಗೆ ಓದು ಬರಹ ಬರುವುದಿಲ್ಲ. ಸಾಹೇಬರು ಹತ್ತೂಕಾಲಿಗೆ ಕಾರು ಹತ್ತಿದರು.

ಎರಡನೆಯ ದಿನದ ಜವಾಬ್ದಾರಿ ಪೂರ್ತಿ ನನ್ನದು. ಎಳೆಬಲೆ ಬೇಡ, ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಗಿಲ್ ನೆಟ್ ಹಾಕೋಣ ಅಂದೆ. ಈ ಬಲೆ ತಾನಾಗಿ ಮೀನು ಹಿಡಿಯುವುದಿಲ್ಲ. ಮೀನು ಓಡಾಡುತ್ತಾ ಬಂದು ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ನಮ್ಮ ಕಡಲಿನ ಕಡೆ ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುವ ರೂಢಿ. ಅಪ್ಪ ಮಾಡಿದ್ದನ್ನೇ ನಾನೂ ಮಾಡಿದೆ. ಮೊದಲ ದಿನದ ಸಂಜೆಯೇ ನಾಲ್ಕಕ್ಕೆ ಬಲೆ ಬಿಡಿಸಿದೆ, ಬೆಂಡು ಮೇಲೆ ತೇಲುವ ಹಾಗೆ, ದಡಕ್ಕೆ ಸಮನಾಗಿ. ಚಾಚಾ ತುಟಿ ಬಿಚ್ಚದೆ ದೋಣಿ ನಡೆಸಿದರು. ಅವರು ಸುಮ್ಮನಿದ್ದದ್ದು ನನ್ನ ಜಾಣತನ ಒಪ್ಪಿಕೊಂಡದ್ದಕ್ಕೆ ಅಂತ ತಿಳಿದುಕೊಂಡೆ ನೋಡಿ, ಅದು ನನ್ನ ದಡ್ಡತನದ ತುತ್ತತುದಿ.

ಬೆಳಿಗ್ಗೆ ಏಳಕ್ಕೆ ಎತ್ತಿದಾಗ ಮೂರೇ ಮೀನು. ತೂಕ ನಾಲ್ಕು ಕಿಲೋ.

ನನಗೆ ಮೈಯೆಲ್ಲ ಉರಿಯಿತು. ಒದ್ದೆ ಬಲೆಯನ್ನು ದೋಣಿಯಲ್ಲಿ ಎತ್ತಿ ಒಗೆದು ಚಾಚಾರ ಮೇಲೇ ಹರಿಹಾಯ್ದೆ. "ನಲವತ್ತು ವರ್ಷದಿಂದ ಇಲ್ಲೇ ಇದೀರಿ. ಈ ಬಲೆ ಹೀಗೆ ಹಾಕಬಾರದು ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು? ಹೋಗೋದು ನಿಮ್ಮ ಕೆರೆ, ನನ್ನದಲ್ಲ."

ಅವರು ಹುಟ್ಟು ಕೆಳಗಿಟ್ಟರು. "ಬಿಸಿಲು ಬರೋವರೆಗೆ ಬಲೆ ಬೇಡ ಅಂತ ನಿನ್ನೆ ಹೇಳಿದ್ದೆ, ಮೇಡಂ. ನೀವು ನಕ್ಕಿರಿ. ನಗೋರಿಗೆ ಮತ್ತೆ ಮತ್ತೆ ಹೇಳೋಕೆ ನನಗೂ ಮರ್ಯಾದೆ ಇದೆ."

ಅವರ ದನಿಯೂ ಬಿಸಿಯಾಗಿತ್ತು. ಅಲ್ಲಿಯವರೆಗೆ ಸಿಟ್ಟು ಮಾಡುವ ಹಕ್ಕು ನನ್ನೊಬ್ಬಳದೇ ಅಂದುಕೊಂಡಿದ್ದೆ. ಒಗೆದ ಬಲೆಯನ್ನು ಎತ್ತಿ ಮಡಚಿಟ್ಟೆ. ಆಮೇಲೆ ನಾನೇ ಸೋತು, "ತಪ್ಪಾಯ್ತು ಚಾಚಾ. ಈಗ ಹೇಳಿ" ಅಂದೆ.

ಅವರು ಹೇಳಲಿಲ್ಲ, ತೋರಿಸಿದರು. ದೋಣಿಯನ್ನು ಕಂದಕದ ಮೇಲೆ ನಿಲ್ಲಿಸಿ, "ನಿಮ್ಮ ಗಾಜಿನ ಕಡ್ಡಿ ಇಳಿಸಿ" ಅಂದರು. ಥರ್ಮಾಮೀಟರಿಗೆ ಹಗ್ಗ ಕಟ್ಟಿ ತಳಕ್ಕೆ ಬಿಟ್ಟೆ. ಹದಿನೆಂಟೂವರೆ. ದಡದಲ್ಲಿ ಆ ಹೊತ್ತಿಗೂ ಹದಿನಾರೇ. ಚಳಿ ಶುರುವಾದಾಗ ತೆಳು ನೀರು ಬೇಗ ತಣ್ಣಗಾಗುತ್ತದೆ, ಆಳದ ನೀರು ಬಿಸುಪು ಹಿಡಿದಿಟ್ಟುಕೊಳ್ಳುತ್ತದೆ. ರೋಹು, ಕಾಟ್ಲಾ, ಇಲ್ಲಿಯವರು ನೈನಿ ಅನ್ನುವ ಮೃಗಾಲ್, ಎಲ್ಲ ಕತ್ತಲಾಗುವ ಮೊದಲೇ ಕಂದಕಕ್ಕೆ ಇಳಿದು ಮೈ ಆಡಿಸದೆ ಬಿದ್ದಿರುತ್ತವೆ. ಓಡಾಡದ ಮೀನು ನಿಲ್ಲಿಸಿದ ಬಲೆಗೆ ಹೇಗೆ ಬೀಳುತ್ತದೆ? ಕಡಲಿನಲ್ಲಿ ಇರುಳೆಲ್ಲ ಮೀನು ತಿರುಗುತ್ತದೆ. ಇದು ಕಡಲಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಎರಡು ದಿನ ಹಾಳಾಯಿತು.

ಮಧ್ಯಾಹ್ನದವರೆಗೆ ದೋಣಿಯಲ್ಲೇ ಕೂತೆವು. ಚಾಚಾ ಬೆಲ್ಲ ಹಾಕಿದ ಚಹಾ ಕೊಟ್ಟರು. ಹನ್ನೆರಡರ ಸುಮಾರಿಗೆ ಹೊಗೆಯ ಹಿಂದಿನಿಂದ ಸೂರ್ಯ ಸವೆದ ನಾಣ್ಯದ ಹಾಗೆ ಕಾಣಿಸಿದ. ಬಿಸಿಲು ಮೊದಲು ಬಿದ್ದದ್ದು ಉತ್ತರದ ದಡದ ಮೇಲೆ. ಆ ಕಡೆ ಗೋಪುರಗಳ ನೆರಳಿಲ್ಲ, ಗಾಳಿಯೂ ತಟ್ಟುವುದಿಲ್ಲ. ಒಂದು ಗಂಟೆಗೆ ಅಲ್ಲಿಯ ನೀರು ಮೂರು ಡಿಗ್ರಿ ಏರಿತ್ತು. ಚಾಚಾ ನನ್ನ ಮೊಣಕೈ ತಟ್ಟಿ ಕಂದಕದ ಅಂಚಿನ ಕಡೆ ತೋರಿಸಿದರು. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತಿದ್ದವು. "ನೈನಿ ಕೆಸರು ಕೆದಕ್ತಾ ಇದೆ. ಹಸಿವಾಗಿದೆ. ಈಗ ದಿಬ್ಬ ಹತ್ತಿ ಬಿಸಿಲಿಗೆ ಬರ್ತವೆ. ಎರಡು ಗಂಟೆ ಇರ್ತವೆ, ಮೂರಾದ ಮೇಲೆ ವಾಪಸ್."

ಬಲೆ ಹಾಕಬೇಕಾದದ್ದು ಈ ದಾರಿಗೆ ಅಡ್ಡಲಾಗಿ. ದಡಕ್ಕೆ ಸಮನಾಗಿ ಅಲ್ಲ, ಕಂದಕದ ಅಂಚಿನಿಂದ ಉತ್ತರದ ದಡದವರೆಗೆ ಇಳಿಜಾರಿನ ಮೇಲೆ ಓರೆಯಾಗಿ. ಮೀನು ನೆಲ ಹಿಡಿದೇ ಹತ್ತುವುದರಿಂದ ಬಲೆ ತಳಕ್ಕೆ ಕೂರಬೇಕು. ಅಂದು ಸಂಜೆಯವರೆಗೂ ಇಬ್ಬರೂ ಕೂತು ಒಂದು ಬಿಟ್ಟು ಒಂದು ಬೆಂಡು ಬಿಚ್ಚಿದೆವು, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು ಹೆಚ್ಚಿಗೆ ಕಟ್ಟಿದೆವು. ಬೆರಳು ಮರಗಟ್ಟಿ ಗಂಟು ಹಾಕಲು ಬಾರದಾಗ ಚಾಚಾ ನನ್ನ ಕೈಯಿಂದ ದಾರ ತೆಗೆದುಕೊಂಡು ಹಲ್ಲಿನಲ್ಲಿ ಬಿಗಿದರು.

ಮೂರನೆಯ ದಿನ ಸಾಹೇಬರು ಎಂಟಕ್ಕೇ ಬಂದರು. ಈ ಸಲ ಜೊತೆಗೆ ಒಬ್ಬ ಫೋಟೋದವನು.

"ಶುರು ಮಾಡಮ್ಮ. ಹತ್ತಕ್ಕೆ ಮುಗಿಸೋಣ."

"ಹನ್ನೆರಡಕ್ಕೆ ಹಾಕ್ತೀನಿ ಸರ್. ಮೂರಕ್ಕೆ ಎತ್ತೋದು."

"ಯಾರು ಹೇಳಿದ್ದು ಹನ್ನೆರಡು ಅಂತ?"

"ಥರ್ಮಾಮೀಟರ್ ಹೇಳಿದ್ದು. ಚಾಚಾನೂ ಹೇಳಿದ್ದು. ಇಲಾಖೆಯ ಸುತ್ತೋಲೆಯಲ್ಲಿ ಎಂಟು ಗಂಟೆ ಅಂತ ಎಲ್ಲೂ ಇಲ್ಲ, ಸೂಕ್ತ ಸಮಯ ಅಂತ ಇದೆ. ನಿಮಗೆ ಮೀಟಿಂಗ್ ಇದ್ದರೆ ಹೋಗಿ ಬನ್ನಿ."

ಅವರ ಮುಖ ಕೆಂಪಾಯಿತು. ಹೋಗಲಿಲ್ಲ. ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತರು. ನಾನು ದಡದಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಸೂರ್ಯನ ಸುಳಿವಿಲ್ಲ. ಊರೆಲ್ಲ ಉಸಿರಾಡುವ ಈ ಕೊಳಕು ಹೊಗೆಯನ್ನು ನಾನು ಅವತ್ತು ಬೈದಷ್ಟು ಯಾವತ್ತೂ ಬೈದಿಲ್ಲ. ಬಿಸಿಲು ಬಾರದಿದ್ದರೆ ಮೀನು ಹತ್ತುವುದಿಲ್ಲ. ಮೀನು ಹತ್ತದಿದ್ದರೆ ಹನ್ನೊಂದು ಮನೆ ಖಾಲಿ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಉತ್ತರದ ದಡದ ಕೆಸರು ಬಿಸಿಲಿಗೆ ಸಣ್ಣಗೆ ಹೊಳೆಯಿತು. ಚಾಚಾ ಆಗಲೇ ದೋಣಿ ತಳ್ಳಿದ್ದರು.

ಮೂರು ಗಂಟೆಗೆ ಬಲೆಯ ಮೊದಲ ತುದಿ ಹಿಡಿದು ಎಳೆದಾಗ ತೋಳಿಗೆ ಭಾರ ತಿಳಿಯಿತು. ಎರಡು ಕಿಲೋದ ರೋಹು, ಅದರ ಹಿಂದೆ ನೈನಿಗಳ ಸಾಲು, ಮೊರದಗಲದ ತಲೆಯ ಒಂದು ಕಾಟ್ಲಾ. ದಡದಲ್ಲಿ ಹೆಂಗಸರು ಕೂಡಿದರು. ಬುಟ್ಟಿ ಬುಟ್ಟಿಯಾಗಿ ತೂಗಿ, ಬದುಕಿದ್ದವನ್ನು ಆಗಿಂದಾಗ ನೀರಿಗೆ ಬಿಟ್ಟೆವು. ತೊಂಬತ್ತೆಂಟು ಕಿಲೋ. ಫೋಟೋದವನು ಸಾಹೇಬರ ಕೈಗೆ ಕಾಟ್ಲಾ ಕೊಟ್ಟು ಚಿತ್ರ ತೆಗೆದ.

ಕಾಟ್ಲಾ ಕೆಳಗಿಟ್ಟು, ಕೈ ಒರೆಸಿಕೊಂಡು, ಸಾಹೇಬರು ಮೊಬೈಲಿನಲ್ಲಿ ಲೆಕ್ಕ ಹಾಕಿದರು. "ಸೊನ್ನೆ, ನಾಲ್ಕು, ತೊಂಬತ್ತೆಂಟು. ಮೂರರಿಂದ ಭಾಗಿಸಿದರೆ ಮೂವತ್ತನಾಲ್ಕು. ಪಾಪ, ಬರಲಿಲ್ಲ."

ಪಾಪ ಅಂತೆ. ಕೆರೆ ತುಂಬ ಮೀನಿದೆ ಅಂತ ಈಗಷ್ಟೇ ತಮ್ಮ ಕೈಯಲ್ಲೇ ಎತ್ತಿ ಹಿಡಿದು ಹಲ್ಲು ಬಿಟ್ಟವರು, ಆ ಕೈಯ ಲೋಳೆ ಆರುವ ಮೊದಲು ಮೀನಿಲ್ಲ ಅನ್ನುತ್ತಿದ್ದರು. ನಾನು ಜೀಪಿನಿಂದ ಸುತ್ತೋಲೆ ತಂದು ದಡದಲ್ಲೇ ಕೂತು ಓದಿದೆ. ನಾಲ್ಕನೆಯ ಪುಟದಲ್ಲಿ ಸಿಕ್ಕಿತು. ಬಲೆಯ ಸಮಯ ಅಥವಾ ವಿಧಾನಕ್ಕೆ ಗುತ್ತಿಗೆದಾರರು ಅದೇ ದಿನ ಆಕ್ಷೇಪಣೆ ಹೇಳಿದ್ದರೆ ಆ ದಿನವನ್ನು ಕೈಬಿಟ್ಟು ಉಳಿದ ದಿನಗಳ ಸರಾಸರಿ ತೆಗೆಯಬೇಕು. ಮೊದಲ ದಿನ ಬಿಟ್ಟರೆ ಐವತ್ತೊಂದು ಕಿಲೋ. ಚಾಚಾ ಮೊದಲ ದಿನ ಕೈ ಜೋಡಿಸಿ ಹೇಳಿದ್ದು ಆಕ್ಷೇಪಣೆಯಲ್ಲದೆ ಮತ್ತೇನು?

ಓಡಿ ಹೋಗಿ ಮೊದಲ ದಿನದ ಫಾರಂ ತೆಗೆದೆ. ಗುತ್ತಿಗೆದಾರರ ಆಕ್ಷೇಪಣೆ ಅನ್ನುವ ಕಾಲಮಿನಲ್ಲಿ ದುಂಡಗಿನ ಅಕ್ಷರದಲ್ಲಿ "ನಿಲ್" ಅಂತಿತ್ತು, ಅಂದರೆ ಏನೂ ಇಲ್ಲ. ಅಕ್ಷರ ನನ್ನದು. ಕೆಳಗೆ ಚಾಚಾರ ಹೆಬ್ಬೆಟ್ಟು.

ಯಾವಾಗ ಬರೆದೆ? ಕೆರೆಗೆ ಹೊರಡುವ ಮೊದಲು, ಆಫೀಸಿನಲ್ಲಿ, ಚಹಾ ಕುಡಿಯುತ್ತಾ. ನಾವೆಲ್ಲ ಹಾಗೇ ಮಾಡುತ್ತೇವೆ. ತೂಕದ ಕಾಲಂ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ತುಂಬಿಟ್ಟರೆ ಜಾಗದಲ್ಲಿ ಸಮಯ ಉಳಿಯುತ್ತದೆ. ಎಷ್ಟು ವರ್ಷಗಳಿಂದ, ಎಷ್ಟು ಕೆರೆಗಳ ದಡದಲ್ಲಿ ನಾನು ಜನ ಬಾಯಿ ತೆರೆಯುವ ಮೊದಲೇ ಅವರ ಪರವಾಗಿ ನಿಲ್ ಅಂತ ಬರೆದಿದ್ದೇನೋ ದೇವರಿಗೇ ಗೊತ್ತು. ಮೂರು ದಿನ ಸಾಹೇಬರ ಮೇಲೆ, ಹೊಗೆಯ ಮೇಲೆ, ಚಾಚಾರ ಮೇಲೂ ಕಾರಿದ್ದ ಸಿಟ್ಟೆಲ್ಲ ತಿರುಗಿ ಬಂದು ನನ್ನ ಎದೆಯಲ್ಲೇ ಕೂತಿತು. ಮಾಡಿದ್ದುಣ್ಣೋ ಮಹಾರಾಯ.

ಸಾಹೇಬರು ನನ್ನ ಹೆಗಲ ಮೇಲಿಂದ ಫಾರಂ ನೋಡಿದರು. ಚಾಚಾ ಎರಡು ಮಾರು ದೂರದಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಅವರಿಗೆ ಕೇಳಿಸಿದರೂ ಪರವಾಗಿಲ್ಲ ಅನ್ನುವ ಹಾಗೆ ಸಾಹೇಬರು ಕನ್ನಡದಲ್ಲಿ ಶುರು ಮಾಡಿದರು. "ಬಿಡಮ್ಮ. ಮೊದಲೇ ತುಂಬಿಟ್ಟಿದ್ದೆ ಅಂತ ಈಗ ನೀನೇ ಬರೆದುಕೊಟ್ಟರೆ ಮೆಮೊ ಬರೋದು ನಿನಗೆ. ನಿನ್ನ ಪ್ರಮೋಷನ್ ಫೈಲು ನನ್ನ ಮೇಜಿನ ಮೇಲೇ ಇದೆ. ಈ ಮುದುಕನಿಗೆ ಏನು ಬರೆದಿದೆ ಅಂತ ಓದೋಕೂ ಬರಲ್ಲ. ನಾವು ಕನ್ನಡದವರು, ನಿನ್ನ ಒಳ್ಳೇದಕ್ಕೇ ಹೇಳ್ತಾ ಇದೀನಿ."

ನಾನು ಹಿಂದಿಯಲ್ಲಿ ಉತ್ತರ ಕೊಟ್ಟೆ. ಚಾಚಾರಿಗೆ ಕೇಳಲಿ ಅಂತ ದನಿ ಎತ್ತಿಯೇ ಹೇಳಿದೆ. "ಸರ್, ಮೊದಲ ದಿನ ಇವರು ಬೇಡ ಅಂದಿದ್ದರು. ನಿಮ್ಮೆದುರಿಗೇ, ನನ್ನೆದುರಿಗೇ ಅಂದಿದ್ದರು. ನಾನು ಅದನ್ನ ಬರೆಯಲಿಲ್ಲ. ಕೇಳುವ ಮೊದಲೇ ಆಕ್ಷೇಪಣೆ ಇಲ್ಲ ಅಂತ ಬರೆದಿದ್ದೆ. ತಪ್ಪು ನನ್ನದು. ಈಗ ಬರೆದುಕೊಡ್ತೀನಿ. ಮೆಮೊ ಕಳಿಸಿ."

ಸಾಹೇಬರು ನನ್ನನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿದರು. "ಅಚ್ಛಾ," ಅಂದರು, ಅಷ್ಟೇ. ಕಾರಿನ ಬಾಗಿಲು ಹಾಕಿದ ಸದ್ದು ಮಾತ್ರ ಜೋರಾಗಿತ್ತು.

ಮೆಮೊ ಬಂತು. ಫೈಲು ಅವರ ಮೇಜಿನ ಮೇಲೇ ಇದೆ, ಇನ್ನೂ. ಈಗ ಅವರು ನನ್ನನ್ನು "ನೋಡಮ್ಮ" ಅನ್ನುವುದಿಲ್ಲ, ಮೇಡಂ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಹನ್ನೊಂದು ಕುಟುಂಬಗಳಿಗೆ ಗುತ್ತಿಗೆ ಸಿಕ್ಕಿದೆ. ಪೂರ್ತಿ ಅವಧಿಗಲ್ಲ, ಒಂದು ವರ್ಷಕ್ಕೆ. ಮುಂದಿನ ನವೆಂಬರಿನಲ್ಲಿ ಮತ್ತೆ ಬಲೆ ಹಾಕಬೇಕು. ಇಷ್ಟಕ್ಕೆ ಯಾರಾದರೂ ನನ್ನನ್ನು ಹೊಗಳಿದರೆ ಸಿಟ್ಟು ಬರುತ್ತದೆ. ಯಾಕೆ ಅನ್ನುವುದಕ್ಕೆ ಅವತ್ತು ಕಾರು ಹೋದ ಮೇಲೆ ನಡೆದದ್ದನ್ನು ಹೇಳಬೇಕು.

ಘಾಟಿನ ಮೆಟ್ಟಿಲ ಮೇಲೆ ಕೂತು ಬಿಳಿ ಹಾಳೆಯಲ್ಲಿ ಹೇಳಿಕೆ ಬರೆದೆ. ಮೊದಲ ದಿನ ಬಲೆ ಬಿಡುವ ಮೊದಲು ಗುತ್ತಿಗೆದಾರರ ಮುಖಂಡರು ಸಮಯದ ಬಗ್ಗೆ ಒಂದು ಸಲ ಆಕ್ಷೇಪಣೆ ಹೇಳಿದ್ದರು, ನಾನು ಅದನ್ನು ದಾಖಲಿಸಲಿಲ್ಲ, ಕಾಲಮನ್ನು ಆಫೀಸಿನಲ್ಲೇ ತುಂಬಿದ್ದೆ ಎಂದು. ಈ ಸಲ ಹೆಬ್ಬೆಟ್ಟು ಒತ್ತಿಸುವ ಮೊದಲು ಪ್ರತಿ ಸಾಲನ್ನೂ ಚಾಚಾರಿಗೆ ಓದಿ ಹೇಳಿದೆ. ಅವರು ನೆಲ ನೋಡುತ್ತಾ ಕೇಳಿದರು. ಮುಗಿದ ಮೇಲೆ ಹೆಬ್ಬೆರಳಿಗೆ ಶಾಯಿ ಹಚ್ಚಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ಇದರಲ್ಲಿ ಒಂದು ತಪ್ಪಿದೆ, ಮೇಡಂ. ಒಂದು ಸಲ ಹೇಳಿದ ಹಾಗೆ ಬರೆದಿದೀರಿ."

"ಒಂದೇ ಸಲ ಅಲ್ವಾ ಚಾಚಾ? ಸಾಹೇಬರ ಮುಂದೆ?"

"ಎರಡು ಸಲ. ಮೊದಲು ನಿಮಗೇ ಹೇಳೋಕೆ ಬಂದೆ, ಜೀಪಿನ ಹತ್ತಿರ. ನೀವು ಫೋನಲ್ಲಿದ್ರಿ. ಬೆರಳು ತೋರಿಸಿ ನಿಲ್ಲಿಸಿದ್ರಿ."

ನಾನು ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. "ಒಂದು ಸಲ" ಅನ್ನುವುದನ್ನು ಹೊಡೆದು ಹಾಕಿ, ಮೇಲೆ "ಎರಡು ಸಲ" ಅಂತ ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ಆಮೇಲೆ ಅವರು ಹೆಬ್ಬೆರಳು ಮುಂದೆ ಚಾಚಿದರು.